ಎವರಿಸ್ತೊ ಅವರ ಕುರ್ಚಿ ಮತ್ತು ಉಳಿತಾಯದ ಓಟ

ನಮ್ಮೂರು ಮೊಂತೆರೋವೊದ ಕ್ಲಬ್ಬಿನಲ್ಲಿ ಟೀವಿಯ ಮುಂದೆ ಹತ್ತೊಂಬತ್ತು ಕುರ್ಚಿಗಳಿವೆ. ಯಾವುದು ಯಾರದು ಎಂದು ಎಲ್ಲೂ ಬರೆದಿಟ್ಟಿಲ್ಲ, ಬರೆದಿಡುವ ಅಗತ್ಯವೂ ಬಿದ್ದಿಲ್ಲ. ಮುಂದಿನವನು ಸಾಯದ ಹೊರತು ಹಿಂದಿನವನು ಮುಂದಕ್ಕೆ ಬರುವಂತಿಲ್ಲ. ನನ್ನದು ಹತ್ತೊಂಬತ್ತನೆಯದು, ಶೌಚಾಲಯದ ಬಾಗಿಲಿಗೆ ಒರಗಿಕೊಂಡಿರುವುದು. ಕಾರ್ ರೇಸ್ ನಡೆಯುವಾಗ ಹತ್ತು ಸುತ್ತಿಗೊಮ್ಮೆ ನಾನು ಎದ್ದು ಒಬ್ಬರನ್ನು ಒಳಗೆ ಬಿಡಬೇಕು, ಕೂರಬೇಕು, ಅವರು ಹೊರಬರುವಾಗ ಮತ್ತೆ ಏಳಬೇಕು. ಹನ್ನೊಂದು ವರ್ಷಗಳಲ್ಲಿ ಹೀಗೆ ನನ್ನ ಕಣ್ಣು ತಪ್ಪಿಸಿ ನಡೆದುಹೋದ ಓವರ್‌ಟೇಕುಗಳನ್ನೆಲ್ಲ ಕೂಡಿಸಿದರೆ ಒಂದು ಇಡೀ ಚಾಂಪಿಯನ್‌ಶಿಪ್ ಆದೀತು.

ಮೊದಲ ಸಾಲಿನ ನಟ್ಟನಡುವಿನ ಕುರ್ಚಿ ಎವರಿಸ್ತೊ ಅವರದು. ಯೌವನದಲ್ಲಿ ಇಮೋಲಾದ ರೇಸ್ ಟ್ರ್ಯಾಕಿನಲ್ಲಿ ಟೈರು ಹೊತ್ತವರು ಎಂಬ ಕಾರಣಕ್ಕೆ ಆ ಕುರ್ಚಿ ಅವರಿಗೆ ಸಿಕ್ಕಿತ್ತು. ಮೂವತ್ತು ವರ್ಷ ಅವರು ಅದರಲ್ಲಿ ಒಂದೇ ಒಂದು ಮಾತಾಡದೆ ಕೂತರು. ರೇಸಿನ ನಡುವೆ ಯಾವಾಗಲಾದರೊಮ್ಮೆ, ತಿರುಗಿಯೂ ನೋಡದೆ, ಬಲಗೈಯ ತೋರುಬೆರಳನ್ನು ಮೇಲಕ್ಕೆತ್ತುತ್ತಿದ್ದರು. ಅಷ್ಟಕ್ಕೆ ಇಡೀ ಕೋಣೆ ಉಸಿರು ಬಿಗಿಹಿಡಿಯುತ್ತಿತ್ತು. ಒಂದೆರಡು ಸುತ್ತಿನೊಳಗೆ ಏನಾದರೂ ಆಗಿಯೇ ಆಗುತ್ತಿತ್ತು: ಯಾರದೋ ಎಂಜಿನ್ ಹೊಗೆಯಾಡುತ್ತಿತ್ತು, ಯಾರೋ ಯಾರನ್ನೋ ಹಿಂದೆ ಹಾಕುತ್ತಿದ್ದರು, ಇಲ್ಲವೇ ಮಳೆ ಬರುತ್ತಿತ್ತು. ಏನೂ ಆಗದಿದ್ದರೆ ಬೆರಳಿನ ಅರ್ಥ ಇನ್ನೂ ಆಳವಾಗಿದೆ ಎಂದು ತಿಳಿದು ವಾರವಿಡೀ ಚರ್ಚಿಸುತ್ತಿದ್ದೆವು. ಕ್ಲಬ್ಬಿನ ಕಾಫಿ ಕಟ್ಟೆ ನೋಡಿಕೊಳ್ಳುವ ನೀವೆಸ್‌ಗಂತೂ ಅವರ ಮೇಲೆ ಎಷ್ಟು ಗೌರವವೆಂದರೆ, ಆ ಗಂಭೀರ ಗಳಿಗೆಯಲ್ಲೂ ಸದ್ದಿಲ್ಲದೆ ಬಂದು ಒಂದು ಕಾಫಿಯನ್ನು ಅವರ ಕೈಗಿಟ್ಟು ಹಿಂದೆ ಸರಿಯುತ್ತಿದ್ದಳು.

ಫೆಬ್ರವರಿಯಲ್ಲಿ ಎವರಿಸ್ತೊ ತೀರಿಕೊಂಡರು. ಶವದ ಹಿಂದೆ ನಾವು ಹದಿನೆಂಟು ಜನರೂ ಅಳುತ್ತ ನಡೆದೆವು, ಹದಿನೆಂಟು ಜನರೂ ಕುರ್ಚಿಯನ್ನೇ ನೆನೆಯುತ್ತ ನಡೆದೆವು. ಸಮಾಧಿಯ ಬಳಿಯೇ ಕ್ಲಬ್ಬಿನ ಅಧ್ಯಕ್ಷ, ಸಾಸೇಜ್ ಅಂಗಡಿಯ ಗ್ವಾಲ್ತಿಯೆರೊ, ಮೂಗು ಒರೆಸಿಕೊಂಡು ಘೋಷಿಸಿದ: "ಆ ಕುರ್ಚಿ ಸರತಿ ಮೇಲೆ ಯಾರಿಗೂ ಹೋಗಲ್ಲ. ರೇಸ್ ಅರ್ಥ ಆಗೋನಿಗೇ ಹೋಗೋದು."

ನನಗೆ ಆಸೆ ಹುಟ್ಟಿದ್ದು ಅಲ್ಲೇ, ಸತ್ತವರ ಎದುರಿಗೇ.

ಮಾರ್ಚಿನಲ್ಲಿ ಹೊಸ ನಿಯಮಗಳ ಮೊದಲ ರೇಸ್ ಬಂತು. ನಮ್ಮ ದೇಶದ ಕೆಂಪು ಕಾರು ಎಲ್ಲರಿಗಿಂತ ಮುಂದಿತ್ತು. ನೇರ ರಸ್ತೆ, ತಿರುವು ಇನ್ನೂ ದೂರ, ಅಡ್ಡ ಯಾರೂ ಇಲ್ಲ. ಅಂಥಲ್ಲಿ, ಪೂರ್ತಿ ವೇಗದಲ್ಲಿದ್ದ ಕಾರಿನ ಕೂಗು ಇದ್ದಕ್ಕಿದ್ದಂತೆ ಇಳಿಯಿತು. ಬೆಟ್ಟ ಹತ್ತಿ ಸುಸ್ತಾದವನ ಹಾಗೆ ಕಾರು ನಿಧಾನವಾಯಿತು.

"ಅಯ್ಯೋ, ಆಕ್ಸಿಲರೇಟರಿಂದ ಕಾಲು ಯಾಕೆ ತೆಗೆದ!" ಎಂದು ಗ್ವಾಲ್ತಿಯೆರೊ ಎದ್ದು ನಿಂತ. "ರಸ್ತೆ ಖಾಲಿ ಬಿದ್ದಿದೆ! ಅವನಿಗೇನು ಫೋನ್ ಬಂತಾ?"

ಎಲ್ಲರ ಕಣ್ಣೂ ಅಭ್ಯಾಸಬಲದಿಂದ ಮೊದಲ ಸಾಲಿನ ಕುರ್ಚಿಯತ್ತ ಹೋಯಿತು. ಕುರ್ಚಿ ಖಾಲಿಯಿತ್ತು. ಆಗ ಗ್ವಾಲ್ತಿಯೆರೊ ಹಿಂದಕ್ಕೆ ತಿರುಗಿ ಶೌಚಾಲಯದ ಬಾಗಿಲಿನತ್ತ ನೋಡಿದ.

"ದೊತ್ತೊರೆ, ನೀವು ಓದ್ಕೊಂಡೋರು. ಏನಿದು, ಸ್ವಲ್ಪ ಹೇಳಿ."

ನಮ್ಮಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಇಳಿದವರೆಲ್ಲ ದೊತ್ತೊರೆಗಳೇ. ನನ್ನ ಪದವಿ ತತ್ವಶಾಸ್ತ್ರದ್ದು. ಮೌನದ ಬಗ್ಗೆ ನೂರ ಎಂಬತ್ತು ಪುಟಗಳ ಪ್ರಬಂಧ ಬರೆದಿದ್ದೇನೆ. ಅದರ ಫಲವಾಗಿ ಪುರಸಭೆಯ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿ, ಜನರಿಗೆ "ಶ್!" ಎನ್ನುವುದೇ ನನ್ನ ಉದ್ಯೋಗವಾಗಿದೆ. ಹೊಸ ನಿಯಮಗಳ ಬಗ್ಗೆ ನನಗೆ ಗೊತ್ತಿದ್ದುದು ದಂತವೈದ್ಯರ ಕೋಣೆಯ ಹೊರಗೆ ಓದಿದ ಒಂದು ಲೇಖನ. ಅದೂ ಅರ್ಧ. ಉಳಿದರ್ಧಕ್ಕೆ ಬರುವಷ್ಟರಲ್ಲಿ ಒಳಗೆ ಕರೆದಿದ್ದರು. "ನನಗೂ ಸರಿಯಾಗಿ ಗೊತ್ತಿಲ್ಲ" ಎಂದು ಹೇಳಲು ಬೇಕಾದದ್ದು ಮೂರೇ ಸೆಕೆಂಡು. ಆ ಮೂರು ಸೆಕೆಂಡಿನಲ್ಲಿ ನಾನು ಖಾಲಿ ಕುರ್ಚಿಯನ್ನು ನೋಡಿದೆ.

"ಅವನು ನಿಧಾನ ಮಾಡ್ತಿರೋದು," ಎಂದೆ, "ಜೋರಾಗಿ ಹೋಗೋಕೆ."

ಹದಿನೇಳು ತಲೆಗಳು ನನ್ನತ್ತ ತಿರುಗಿದವು. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಅವರು ಬಾಗಿಲಿನ ಬದಲು ನನ್ನನ್ನು ನೋಡುತ್ತಿದ್ದರು.

"ಈಗ ಕಾರಿನ ಶಕ್ತಿ ಅರ್ಧ ಪೆಟ್ರೋಲಿಂದು, ಅರ್ಧ ಬ್ಯಾಟರೀದು," ಎಂದು ಮುಂದುವರಿಸಿದೆ. "ಬ್ಯಾಟರಿ ಬೇಗ ಖಾಲಿಯಾಗುತ್ತೆ. ಅದನ್ನ ತುಂಬಿಸ್ಬೇಕು ಅಂದ್ರೆ ಕಾಲು ತೆಗೀಬೇಕು, ತಡೀಬೇಕು. ನೋಡಿ, ಮದುವೆ ಊಟಕ್ಕೆ ಹೋಗ್ತೀರಿ. ಲಸಾನ್ಯ ಬಂದ ತಕ್ಷಣ ಹೊಟ್ಟೆ ಬಿರಿಯೋ ಹಾಗೆ ತಿಂದ್ಬಿಟ್ರೆ, ಆಮೇಲೆ ಹುರಿದ ಹಂದಿ ಬಂದಾಗ ಏನ್ ಮಾಡ್ತೀರಿ?"

"ಅದನ್ನೂ ತಿಂತೀನಿ," ಎಂದ ಗ್ವಾಲ್ತಿಯೆರೊ.

"ತಿನ್ನೋಕಾಗಲ್ಲ ಅಂತಿಟ್ಕೊಳ್ಳಿ."

"ಯಾಕೆ ಇಟ್ಕೊಳ್ಳಲಿ? ಆಗುತ್ತಲ್ಲ!"

"ಆಗಲ್ಲ ಅಂತ ನಿಯಮ ಮಾಡಿದಾರೆ," ಎಂದೆ. ನಿಯಮ ಎಂದ ಕೂಡಲೇ ಎಲ್ಲರೂ ದುಃಖದಿಂದ ತಲೆಯಾಡಿಸಿದರು. ನಾನು ಇನ್ನಷ್ಟು ಉಬ್ಬಿದೆ. "ಇನ್ನೊಂದು ಮುಖ್ಯ ವಿಷಯ. ಒಂದು ಸೆಕೆಂಡಿನೊಳಗೆ ಹಿಂದೆ ಬರ್ತಿರೋನಿಗೆ ಹೆಚ್ಚಿನ ಬ್ಯಾಟರಿ ಬಲ ಕೊಡ್ತಾರೆ, ಮುಂದಿನೋನನ್ನ ದಾಟ್ಲಿ ಅಂತ."

"ಅಂದ್ರೆ ಮುಂದಿರೋನೇ ಪೆದ್ದ?"

"ಒಂದರ್ಥದಲ್ಲಿ," ಎಂದು ನಾನು ಬೆರಳೆತ್ತಿದೆ. ಮಾತಿಗೆ ಒತ್ತು ಕೊಡಲು ಎತ್ತಿದ್ದು, ಅಷ್ಟೇ. ಅದೇ ಗಳಿಗೆಗೆ ಟೀವಿಯಲ್ಲಿ ಹಿಂದಿನ ಕಾರು ಗಾಳಿಯ ಹಾಗೆ ಬಂದು ನಮ್ಮ ಕೆಂಪು ಕಾರನ್ನು ದಾಟಿಹೋಯಿತು.

ಗ್ವಾಲ್ತಿಯೆರೊ ಎವರಿಸ್ತೊ ಅವರ ಕುರ್ಚಿಯನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದ.

"ಬನ್ನಿ ದೊತ್ತೊರೆ, ಕೂತ್ಕೊಳ್ಳಿ. ಆದ್ರೆ ಇದು ಸದ್ಯಕ್ಕೆ. ಸೆಪ್ಟೆಂಬರ್ ಗಾಡಿ ಓಟದಲ್ಲಿ ನಮ್ಮ ಕೆಳಕೇರೀನ ಗೆಲ್ಲಿಸಿ. ಆಮೇಲೆ ಸಾಯೋ ತನಕ ನಿಮ್ದೇ."

ಗಾಡಿ ಓಟ ಎಂದರೆ ನಮ್ಮೂರಿನ ಕೆಳಕೇರಿಗೂ ಮೇಲುಕೇರಿಗೂ ವರ್ಷಕ್ಕೊಮ್ಮೆ ನಡೆಯುವ ಯುದ್ಧ. ಎಂಜಿನ್ನಿಲ್ಲದ ಒಂದೊಂದು ಗಾಡಿ, ಒಳಗೆ ಸ್ಟಿಯರಿಂಗ್ ಹಿಡಿದವನೊಬ್ಬ, ಹಿಂದಿನಿಂದ ತಳ್ಳುವ ನಾಲ್ವರು. ಚರ್ಚಿನ ಮುಂದಿನಿಂದ ಹೊರಟು, ಕಾರಂಜಿ ಇಳಿಜಾರಿನಲ್ಲಿ ಉರುಳಿ, ಸಂತೆ ಬೀದಿ ಸುತ್ತಿ, ಏರು ಹತ್ತಿ ಪುರಸಭೆಯ ಚೌಕ ಮುಟ್ಟಬೇಕು. ಒಂಬತ್ತು ವರ್ಷಗಳಿಂದ ನಾವು ಸೋಲುತ್ತಿದ್ದೆವು.

"ಅರ್ಧ ಜನ, ಅರ್ಧ ಬ್ಯಾಟರಿ," ಎಂದೆ ನಾನು. ಆ ಕುರ್ಚಿಯಲ್ಲಿ ಕೂತವನಿಗೆ ಏನಾದರೂ ಹೇಳದೆ ಇರುವುದು ಎಷ್ಟು ಕಷ್ಟವೆಂದು ಕೂತವನಿಗೇ ಗೊತ್ತು. ಎರಡೇ ವಾರದಲ್ಲಿ ನಮ್ಮ ಗಾಡಿಗೆ ಎಲೆಕ್ಟ್ರಿಕ್ ಸೈಕಲ್ಲಿನ ಮೋಟಾರು, ಬ್ಯಾಟರಿ ಎರಡೂ ಬಂದವು. ಗಾಡಿಯನ್ನು ತಡೆದಾಗ ಬ್ಯಾಟರಿ ತುಂಬಬೇಕು, ಬಿಟ್ಟಾಗ ಓಡಬೇಕು.

ಗುಟ್ಟು ನಮ್ಮೂರಿನಲ್ಲಿ ಮಧ್ಯಾಹ್ನದ ಊಟ ದಾಟಿ ಉಳಿದದ್ದಿಲ್ಲ. ಮೇಲುಕೇರಿಯ ನಾಯಕ, ಕೊಳಾಯಿ ರಿಪೇರಿಯ ಒರೆಸ್ತೆ, ನೇರ ಗ್ರಂಥಾಲಯಕ್ಕೆ ನುಗ್ಗಿದ.

"ಏನ್ರೀ ದೊತ್ತೊರೆ, ಕರೆಂಟಲ್ಲಿ ಗೆಲ್ಲೋ ಪ್ಲಾನಾ?"

"ಶ್!" ಎಂದೆ.

ಅವನು ದನಿ ತಗ್ಗಿಸಿದ. "ನಲವತ್ತು ವರ್ಷ ಬೆನ್ನು ಮುರ್ಕೊಂಡು ತಳ್ಳಿದೀವಿ. ನಿಮಗೆ ಬ್ಯಾಟರಿ ಇದ್ರೆ ನಮಗೂ ಬೇಕು. ಇಲ್ಲಾಂದ್ರೆ ಊರಿನ ಒಂದು ನಲ್ಲೀನೂ ರಿಪೇರಿ ಮಾಡಲ್ಲ. ಶುರು ನಿಮ್ಮನೇದ್ರಿಂದ."

ಅವನ ಹಿಂದೆಯೇ ಪುರಸಭೆಯ ಪೊಲೀಸ್ ಸಾಂತೆ ಬಂದ. ಊರಿಗೆಲ್ಲ ಅವನೊಬ್ಬನೇ ಪೊಲೀಸ್, ಓಟದ ದಿನ ಬಾವುಟ ಎತ್ತಿ ಹಿಡಿದು, ಗೆದ್ದವರು ಗೆರೆ ದಾಟಿದಾಗ ಇಳಿಸುವವನೂ ಅವನೇ. ಬರೆದಿಟ್ಟಿದ್ದನ್ನು ಬಿಟ್ಟು ಬೇರೇನನ್ನೂ ನಂಬದ ಮನುಷ್ಯ. ತನ್ನ ತಮ್ಮನ ಮದುವೆಗೂ ಆಮಂತ್ರಣ ಪತ್ರ ಬರಲಿಲ್ಲವೆಂದು ಹೋಗದೆ ಕೂತವನು.

"ಎಲ್ಲಾನೂ ಬರೆದು ಕೊಡಿ ದೊತ್ತೊರೆ. ಬರೆದಿದ್ರೆ ಉಂಟು, ಬರೀದಿದ್ರೆ ಇಲ್ಲ."

ಬರೆಯಿರಿ ಎಂದರೆ ಪದವೀಧರನಿಗೆ ಇನ್ನೇನು ಬೇಕು! ಹದಿನಾಲ್ಕು ಪುಟಗಳ ನಿಯಮಾವಳಿ ಬರೆದೆ. ಎರಡೂ ಗಾಡಿಗೆ ಬ್ಯಾಟರಿ. ಎದುರಾಳಿಯಿಂದ ಐದು ಮೀಟರಿನೊಳಗೆ ಹಿಂದಿರುವ ಗಾಡಿಗೆ ಕೆಂಪು ಗುಂಡಿ ಒತ್ತುವ ಹಕ್ಕು, ಒತ್ತಿದರೆ ದುಪ್ಪಟ್ಟು ಬಲ. ಒಂಬತ್ತನೆಯ ನಿಯಮದ ಬಗ್ಗೆ ನನಗೆ ವಿಶೇಷ ಹೆಮ್ಮೆ: "ಸ್ವಂತ ಶಕ್ತಿಯಿಂದ ಗೆರೆಯನ್ನು ಮೊದಲು ದಾಟಿದವರೇ ವಿಜೇತರು." ಎಷ್ಟು ಚೊಕ್ಕ! ಓದಿ ನಾನೇ ಸಂತೋಷಪಟ್ಟೆ.

ಸೆಪ್ಟೆಂಬರಿನ ಎರಡನೆಯ ಭಾನುವಾರ ಊರೆಲ್ಲ ಬೀದಿಗಿಳಿಯಿತು. ಚೌಕದಲ್ಲಿ, ಗೆಲುವಿನ ಗೆರೆಯ ಪಕ್ಕದಲ್ಲಿ, ಎವರಿಸ್ತೊ ಅವರ ಕುರ್ಚಿ ತರಿಸಿ ಹಾಕಿದ್ದರು. ಅದರಲ್ಲಿ ನಾನು, ನನ್ನ ಕೈಯಲ್ಲಿ ಧ್ವನಿವರ್ಧಕ. ಬಹುಮಾನದ ಹಂದಿತೊಡೆ ಪುರಸಭೆಯ ಬಾಗಿಲಲ್ಲಿ ತೂಗುತ್ತಿತ್ತು.

ಚೌಕದಿಂದ ನೋಡಿದರೆ ಕಾರಂಜಿ ಇಳಿಜಾರು ಪೂರ್ತಿ ಕಾಣುತ್ತದೆ. ಪ್ರತಿವರ್ಷ ಜನ ಮುತ್ತುವುದು ಅಲ್ಲೇ. ಗಾಡಿಗಳು ಬಿಟ್ಟ ಬಾಣದಂತೆ ಬರುತ್ತವೆ, ಹೆಂಗಸರು ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ಹಿಂದಿನ ವರ್ಷ ಗ್ವಾಲ್ತಿಯೆರೊನ ಭಾವಮೈದ ತಿರುವು ತಪ್ಪಿ, ಹುಲ್ಲಿನ ಪಿಂಡಿ ಹಾರಿ, ಔಷಧಿ ಅಂಗಡಿಯೊಳಗೇ ಹೋಗಿ ನಿಂತಿದ್ದ. ಚಿಕಿತ್ಸೆ ಅಲ್ಲೇ ಆಯಿತು.

ಈ ವರ್ಷ ಎರಡೂ ಗಾಡಿಗಳು ಇಳಿಜಾರಿನ ತುದಿಗೆ ಬಂದು ಒಮ್ಮೆ ನಿಂತವು. ತಳ್ಳುವ ನಾಲ್ವರು ಹಿಂದಿನ ಸರಳು ಹಿಡಿದು, ಕಾಲೂರಿ, ಮೊಂಡು ಕತ್ತೆಯನ್ನು ಎಳೆಯುವವರಂತೆ ಗಾಡಿಯನ್ನು ಹಿಂದಕ್ಕೆ ಜಗ್ಗತೊಡಗಿದರು. ಬ್ಯಾಟರಿ ತುಂಬಿಸುತ್ತಿದ್ದರು. ಗಾಡಿಗಳು ಗೇಣುಗೇಣಾಗಿ ಕೆಳಗಿಳಿದವು.

"ಯಾಕೆ ಹಿಂದಕ್ಕೆ ಎಳೀತಿದಾರೆ?" ಎಂದಳೊಬ್ಬಳು. "ಏನಾದ್ರೂ ಮರೆತು ಬಂದ್ರಾ?"

"ಎವರಿಸ್ತೊ ಶವಯಾತ್ರೆ ಇದಕ್ಕಿಂತ ಚುರುಕಾಗಿತ್ತು," ಎಂದಿತು ಇನ್ನೊಂದು ದನಿ.

"ಉಳಿತಾಯ ನಡೀತಿದೆ!" ಎಂದು ನಾನು ಧ್ವನಿವರ್ಧಕದಲ್ಲಿ ಕೂಗಿದೆ. "ನಿಜವಾದ ರೋಮಾಂಚನ ಕಣ್ಣಿಗೆ ಕಾಣಲ್ಲ, ಲೆಕ್ಕದಲ್ಲಿರುತ್ತೆ!"

"ಹಾಗಿದ್ರೆ ನಾವು ಯಾಕೆ ನೋಡೋಕೆ ಬಂದ್ವಿ?" ಎಂದು ನೀವೆಸ್ ಕೇಳಿದಳು. ಕಾಫಿಯ ತಟ್ಟೆ ಹಿಡಿದು ಅವಳೂ ಚೌಕಕ್ಕೆ ಬಂದಿದ್ದಳು. ನಾನು ನಿಯಮಾವಳಿಯ ಪುಟ ತಿರುವತೊಡಗಿದೆ.

ಏರಿನಲ್ಲಿ ಇನ್ನೊಂದು ಆಶ್ಚರ್ಯ. ಪ್ರತಿವರ್ಷ ನಾಲ್ವರೂ ಬೆವರಿ, ಬೈದು, ಒಬ್ಬನಾದರೂ ವಾಂತಿ ಮಾಡಿಕೊಳ್ಳುತ್ತಿದ್ದ ಜಾಗದಲ್ಲಿ ಗಾಡಿಗಳು ತಾವಾಗಿಯೇ ಝೂಂ ಎಂದು ಹತ್ತಿದವು. ತಳ್ಳುವವರು ಜೇಬಿನಲ್ಲಿ ಕೈಯಿಟ್ಟುಕೊಂಡು ಪಕ್ಕದಲ್ಲಿ ನಡೆದು ಬಂದರು. ನಮ್ಮ ನಾಲ್ವರಲ್ಲಿ ಒಬ್ಬನಾದ ಗ್ವಾಲ್ತಿಯೆರೊ ದಾರಿಯಲ್ಲಿ ನಿಂತಿದ್ದ ಅತ್ತೆಯ ಮಂಡಿನೋವನ್ನೂ ವಿಚಾರಿಸಿದ.

ಕೊನೆಗೆ ಚೌಕ. ಗೆರೆಗೆ ನಲವತ್ತು ಮೀಟರು. ನಮ್ಮ ಗಾಡಿ ಒಂದು ಮೀಟರು ಮುಂದಿತ್ತು. ಕೆಳಕೇರಿಯವರು ಕಿವಿ ಹರಿಯುವಂತೆ ಕೂಗಿದರು. ಆ ಗಳಿಗೆಗೆ ನನ್ನ ವಿದ್ಯೆ ಎಚ್ಚೆತ್ತಿತು. ಮುಂದಿರುವುದು ನಾವು. ಹಾಗಾದರೆ ಕೆಂಪು ಗುಂಡಿ ಒರೆಸ್ತೆಯದು!

"ನಿಲ್ಲಿ!" ಎಂದು ಕಿರುಚಿದೆ. "ಮುಂದೆ ಹೋಗ್ಬೇಡಿ!"

ನಮ್ಮ ಗಾಡಿ ಗಕ್ಕನೆ ನಿಂತಿತು. ಒರೆಸ್ತೆ ಹದಿನಾಲ್ಕೂ ಪುಟ ಬಾಯಿಪಾಠ ಮಾಡಿದ್ದ. ಅವನ ಗಾಡಿಯೂ ನಿಂತಿತು.

"ದಯವಿಟ್ಟು ನೀವು ಮೊದಲು," ಎಂದ ಗ್ವಾಲ್ತಿಯೆರೊ.

"ಛೆ ಛೆ, ಎಲ್ಲಾದ್ರೂ ಉಂಟಾ! ಮುಂದೆ ಇರೋರು ನೀವು," ಎಂದ ಒರೆಸ್ತೆ.

"ನಿಮ್ಮ ಕೇರಿ ಹಳೇದು."

"ನಿಮ್ಮ ತೊಡೆ ದಪ್ಪ. ನುಗ್ಗಿ."

ಅರವತ್ತು ವರ್ಷಗಳಿಂದ ಬಾಗಿಲಲ್ಲಿ ಎದುರಾದರೂ ದಾರಿ ಬಿಡದ ಎರಡು ಕೇರಿಗಳ ನಡುವೆ ಅಷ್ಟು ಸೌಜನ್ಯವನ್ನು ಯಾರೂ ಕಂಡಿರಲಿಲ್ಲ. ಹಾಗೆ ಹೇಳುತ್ತಲೇ ಗ್ವಾಲ್ತಿಯೆರೊ ಸದ್ದಿಲ್ಲದೆ ಗಾಡಿಯನ್ನು ಒಂದು ಹೆಜ್ಜೆ ಹಿಂದಕ್ಕೆಳೆದ. ಒರೆಸ್ತೆ ಎರಡು ಹೆಜ್ಜೆ ಎಳೆದ. ಇವರು ನಾಲ್ಕು, ಅವರು ಆರು. ನೋಡನೋಡುತ್ತಿದ್ದಂತೆ ಓಟ ಹಿಂದುಮುಂದಾಗಿ ಶುರುವಾಯಿತು. ಎಂಟು ಜನ ಗಟ್ಟಿಗರು ಬೆವರಿಳಿಸುತ್ತ, ಬೈಯುತ್ತ, ಗೆರೆಯಿಂದ ದೂರಕ್ಕೆ ಓಡುತ್ತಿದ್ದರು. ಆ ದಿನ ಜನ ಮೊದಲ ಬಾರಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಆಗಲೇ.

"ಸಾಂತೆ! ಇದು ತಪ್ಪಲ್ವಾ?" ಎಂದು ಯಾರೋ ಕೂಗಿದರು.

ಬಾವುಟವನ್ನು ಒಂದು ಕೈಯಲ್ಲಿ ಮೇಲೆ ಹಿಡಿದೇ ಸಾಂತೆ ಇನ್ನೊಂದು ಕೈಯಲ್ಲಿ ಪುಟ ತಿರುವಿದ. "ಹಿಂದಕ್ಕೆ ಹೋಗಬಾರದು ಅಂತ ಎಲ್ಲೂ ಬರೆದಿಲ್ಲ."

ಏರಿನ ಅಂಚಿಗೆ ಬಂದು ಎರಡೂ ಗಾಡಿಗಳು ನಿಂತವು. ಇನ್ನು ಹಿಂದೆ ಹೋದರೆ ಉರುಳಿ ಸಂತೆ ಬೀದಿ ಸೇರುತ್ತವೆ. ಮುಂದೆ ಹೋದವನು ಪೆದ್ದ. ಹೀಗೆ ಮುಕ್ಕಾಲು ಗಂಟೆ. ಜನ ಮನೆಯಿಂದ ಕುರ್ಚಿ ತಂದರು. ನೀವೆಸ್ ಎರಡು ಸಲ ಕಾಫಿ ಹಂಚಿದಳು. ಕೆಲವರು ಇಸ್ಪೀಟು ಹಾಕಿದರು. ಸಾಂತೆಯ ಎತ್ತಿದ ಕೈ ಸೋತುಬಂತು. ಬಾವುಟ ಇಳಿಸಬಹುದೇ ಎಂದು ಅವನು ಕಣ್ಣಲ್ಲೇ ಕೇಳಿದ. ಆ ಬಗ್ಗೆಯೂ ನಾನು ಏನೂ ಬರೆದಿರಲಿಲ್ಲ.

ಆಗ ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆಯಿತು. ಚೌಕದ ಬದಿಯ ಮನೆಯಿಂದ ಎವರಿಸ್ತೊ ಅವರ ಹೆಂಡತಿ, ಎಂಬತ್ತನಾಲ್ಕು ವರ್ಷದ ಆರ್ಜಿಯಾ, ಎರಡು ಗಾಲಿಯ ಸಂತೆಚೀಲ ಎಳೆದುಕೊಂಡು ಹೊರಬಂದರು. ಯಾರನ್ನೂ ನೋಡದೆ, ಯಾರಿಗೂ ಕಾಯದೆ, ಟಕಟಕನೆ ನಡೆದು ಗೆರೆ ದಾಟಿದರು.

ಸಾಂತೆಯ ಕೈ ತಾನಾಗಿ ಬಿತ್ತು. ಬಾವುಟ ಇಳಿದುಹೋಯಿತು.

ಸಾಂತೆ ಒಂಬತ್ತನೆಯ ನಿಯಮ ತೆಗೆದು ಮೂರು ಸಲ ಓದಿದ. ಆಮೇಲೆ ಆರ್ಜಿಯಾ ಅವರ ಮುಂದೆ ಸೆಲ್ಯೂಟ್ ಹೊಡೆದು ನಿಂತ.

"ಅಜ್ಜೀ, ಗೆರೆ ದಾಟೋವಾಗ ನಿಮ್ಮನ್ನ ಯಾರಾದ್ರೂ ತಳ್ಳಿದ್ರಾ?"

"ನನ್ನ ತಳ್ಳೋ ಗಂಡಸು ಈ ಊರಲ್ಲಿ ಯಾವನಿದಾನೆ?"

"ಬ್ಯಾಟರಿ ಏನಾದ್ರೂ?"

"ಕಿವಿ ಯಂತ್ರದಲ್ಲಿದೆ. ನಿಮ್ಮ ಗಲಾಟೆ ತಡೀಲಾರದೆ ಆಫ್ ಮಾಡಿದ್ದೆ, ಈಗ ಹಾಕ್ಕೊಂಡೆ."

"ಹಾಗಿದ್ರೆ ಸ್ವಂತ ಶಕ್ತಿ," ಎಂದ ಸಾಂತೆ, ಮತ್ತೆ ಬಾವುಟವೆತ್ತಿ. "ಗೆದ್ದೋರು ಆರ್ಜಿಯಾ!"

"ಅವರ ಹತ್ರ ಗಾಡೀನೇ ಇಲ್ವಲ್ಲೋ!" ಎಂದು ಒರೆಸ್ತೆ ಓಡಿ ಬಂದ.

"ಗಾಡಿ ಇರಲೇಬೇಕು ಅಂತ ಬರೆದಿಲ್ಲ. ಆದ್ರೂ, ಎರಡು ಗಾಲಿ ಇದೆ," ಎಂದು ಸಾಂತೆ ಸಂತೆಚೀಲ ತೋರಿಸಿದ.

ಹಂದಿತೊಡೆ ಚೀಲಕ್ಕೆ ಸೇರಿತು. ಆರ್ಜಿಯಾ ನನ್ನ ಕಡೆ ತಿರುಗಿದರು. "ಅದು ನಮ್ಮೋರ ಕುರ್ಚಿ ಅಲ್ವಾ?"

"ಹೌದು," ಎಂದೆ.

"ಏಳು."

ಎದ್ದೆ. ಗ್ವಾಲ್ತಿಯೆರೊ ಹತ್ತಿರ ಬಂದು ನನ್ನ ಕೈಯಿಂದ ಧ್ವನಿವರ್ಧಕ ಕಸಿದುಕೊಂಡ. "ಎರ್ಮೆತೆ," ಎಂದ. ದೊತ್ತೊರೆ ಹೋಗಿ ಹೆಸರು ಬಂದಿತ್ತು. ನೀವು ಹೋಗಿ ನೀನು ಬರಲು ಇನ್ನೊಂದೇ ಕ್ಷಣ ಹಿಡಿಯಿತು. "ನಿನ್ನ ಜಾಗ ನಿಂಗೊತ್ತಲ್ಲ?"

ಗೊತ್ತಿತ್ತು. ಒಂದು ಮಾತನ್ನು ಮಾತ್ರ ನನ್ನ ಪರವಾಗಿ ದಾಖಲಿಸಬೇಕು. ಮೊದಲೆಲ್ಲ ಗಾಡಿ ಓಟದ ಮಾತು ಭಾನುವಾರದ ಊಟಕ್ಕೆ ಮುಗಿಯುತ್ತಿತ್ತು. ಈ ವರ್ಷದ್ದು ಈಗಲೂ ಮುಗಿದಿಲ್ಲ. ಯಾರು ನಿಜವಾಗಿ ಹಿಂದಿದ್ದರು ಎಂದು ಎರಡೂ ಕೇರಿಯವರು ಸಿಕ್ಕಸಿಕ್ಕಲ್ಲಿ ಜಗಳವಾಡುತ್ತಾರೆ. ಬರುವ ವರ್ಷ ಬ್ಯಾಟರಿ ಇರಬಾರದೆಂದು ಎಲ್ಲರ ಒಮ್ಮತವಿದೆ, ಆದರೆ ಹಿಂದಕ್ಕೆ ಓಡುವುದು ಇರಲಿ ಎನ್ನುವವರೂ ಇದ್ದಾರೆ.

ಮುಂದಿನ ರೇಸಿನ ದಿನ ಎವರಿಸ್ತೊ ಅವರ ಕುರ್ಚಿಯಲ್ಲಿ ಆರ್ಜಿಯಾ ಬಂದು ಕೂತರು. ಮೊದಲ ಸಾಲಿನಲ್ಲಿ ಹೆಂಗಸು ಕೂತದ್ದು ಕ್ಲಬ್ಬಿನ ಇತಿಹಾಸದಲ್ಲೇ ಮೊದಲು, ಆದರೆ ಗೆದ್ದವರಿಗೆ ಏನು ಹೇಳುವುದು? ಹದಿನೇಳನೆಯ ಸುತ್ತಿನಲ್ಲಿ ನಮ್ಮ ಕೆಂಪು ಕಾರು ನೇರ ರಸ್ತೆಯಲ್ಲಿ ಮತ್ತೆ ಉಸಿರು ಬಿಟ್ಟಿತು. ಎಲ್ಲರೂ ಕುರ್ಚಿಯನ್ನು ನೋಡಿದರು. ಆರ್ಜಿಯಾ, ತಿರುಗಿಯೂ ನೋಡದೆ, ನಿಧಾನವಾಗಿ ಒಂದು ಬೆರಳೆತ್ತಿದರು.

ಕೋಣೆ ಉಸಿರು ಬಿಗಿಹಿಡಿಯಿತು. ಮರುಸುತ್ತಿನಲ್ಲೇ ಕೆಂಪು ಕಾರು ಇಬ್ಬರನ್ನು ಒಟ್ಟಿಗೆ ದಾಟಿತು.

"ರಕ್ತದಲ್ಲೇ ಇದೆ ಕಣ್ರೋ!" ಎಂದು ಗ್ವಾಲ್ತಿಯೆರೊ ಕಣ್ಣೊರೆಸಿಕೊಂಡ.

"ಅವರು ಹೆಂಡ್ತಿ ಅಲ್ವಾ, ರಕ್ತ ಎಲ್ಲಿಂದ ಬಂತು?" ಎಂದು ನೀವೆಸ್ ಕಾಫಿ ತಂದಿಟ್ಟಳು.

ರೇಸ್ ಮುಗಿದ ಮೇಲೆ ಸಂತೆಚೀಲ ಹಿಡಿದು ಆರ್ಜಿಯಾ ಅವರನ್ನು ಮನೆಯ ತನಕ ಬಿಟ್ಟುಬಂದೆ. ಬಾಗಿಲಲ್ಲಿ ತಡೆಯಲಾರದೆ ಕೇಳಿದೆ.

"ಅಜ್ಜೀ, ಆ ಬೆರಳು... ನಿಮಗೆ ಮೊದಲೇ ಹೇಗೆ ಗೊತ್ತಾಯ್ತು?"

"ಯಾವ ಬೆರಳು?"

ಎತ್ತಿ ತೋರಿಸಿದೆ.

"ಓ, ಅದಾ? ಒಂದು ಕಾಫಿ ಅಂತ."

"ಮತ್ತೆ ಎವರಿಸ್ತೊ ಅವರು?"

"ಅವರಿಗೂ ಕಾಫೀನೇ. ರೇಸ್ ಅವರಿಗೆಲ್ಲಿ ಅರ್ಥ ಆಗ್ತಿತ್ತು? ಕಾರಿಗೆ ಕಂಪ್ಯೂಟರ್ ಬಂದ ದಿನವೇ ಕೈಬಿಟ್ಟಿದ್ರು. ಏನಾದ್ರೂ ಕೇಳಿಬಿಡ್ತಾರೇನೋ ಅಂತ ಹೆದರಿ ಬಾಯಿ ಬಿಡ್ತಿರಲಿಲ್ಲ, ಪಾಪ."

"ಮೂವತ್ತು ವರ್ಷ?"

"ಮೂವತ್ತು ವರ್ಷ. ನೀನು ಹದಿನಾಲ್ಕು ಪುಟಾನೂ ತಡ್ಕೊಳ್ಳಲಿಲ್ಲ," ಎಂದು ಅವರು ಬಾಗಿಲು ಹಾಕಿಕೊಂಡರು.

ಮೌನದ ಬಗ್ಗೆ ನೂರ ಎಂಬತ್ತು ಪುಟ ಬರೆದವನಿಗೆ ಮೌನದ ಉಪಯೋಗ ತಿಳಿದದ್ದು ಆ ಹೊಸಿಲಲ್ಲಿ. ಆ ರಹಸ್ಯವನ್ನು ಯಾರಿಗೂ ಹೇಳಬಾರದೆಂದೂ, ಇನ್ನು ಮೇಲೆ ಬಾಯಿ ತೆರೆಯದೆ ಕುರ್ಚಿಯಿಂದ ಕುರ್ಚಿಗೆ ಮುಂದೆ ಹೋಗಬೇಕೆಂದೂ ನಿಶ್ಚಯಿಸಿದೆ.

ಮುಂದಿನ ರೇಸಿಗೆ ಆರ್ಜಿಯಾ ನೆಗಡಿಯಾಗಿ ಬರಲಿಲ್ಲ. ಇಪ್ಪತ್ತನೆಯ ಸುತ್ತಿನಲ್ಲಿ ಕೆಂಪು ಕಾರು ನೇರ ರಸ್ತೆಯಲ್ಲಿ ನಿಧಾನವಾಯಿತು. ಗ್ವಾಲ್ತಿಯೆರೊ ಖಾಲಿ ಕುರ್ಚಿಯನ್ನು ನೋಡಿದ. ಆಮೇಲೆ, ಬೇಡವೆಂದರೂ ತಡೆಯಲಾರದೆ, ಹಿಂದಕ್ಕೆ, ಶೌಚಾಲಯದ ಬಾಗಿಲಿನತ್ತ ತಿರುಗಿದ. ನನ್ನ ಗಂಟಲಲ್ಲಿ ಒಂದು ಇಡೀ ಉಪನ್ಯಾಸ ಎದ್ದು ನಿಂತಿತ್ತು. ನುಂಗಿಕೊಂಡೆ. ಮುಖವನ್ನು ಕಲ್ಲಿನಂತೆ ಮಾಡಿ, ದೂರ ಎಲ್ಲೋ ನೋಡುತ್ತ, ಬಲಗೈಯ ತೋರುಬೆರಳನ್ನು ನಿಧಾನವಾಗಿ ಮೇಲಕ್ಕೆತ್ತಿದೆ.

ಒಂದೊಂದಾಗಿ ತಲೆಗಳೆಲ್ಲ ನನ್ನತ್ತ ತಿರುಗಿದವು. ಯಾರೂ ಉಸಿರಾಡಲಿಲ್ಲ. ನನ್ನ ಪ್ರಬಂಧದಲ್ಲಿ ವರ್ಣಿಸಲು ಹೆಣಗಿ ಸೋತಿದ್ದ ಮೌನ ಅದೇ.

ಕಾಫಿ ಕಟ್ಟೆಯ ಹಿಂದಿನಿಂದ ನೀವೆಸ್ ಕೂಗಿದಳು:

"ಒಳಗೆ ಆಗ್ಲೇ ಒಬ್ರಿದಾರೆ ಕಣೋ ಎರ್ಮೆತೆ, ಸ್ವಲ್ಪ ತಡ್ಕೋ!"